ಇಳಿಜಾರಿನಲ್ಲಿ ನ್ಯೂಟ್ರಲ್

ಅಕ್ಕಲಕೋಟೆಯ ರಸ್ತೆ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಮೂವತ್ತು ವರ್ಷ ಆ ರಸ್ತೆಯಲ್ಲಿ ಸರಕಾರಿ ಬಸ್ಸು ಓಡಿಸಿದವನು ನಾನು. ಕನಸಿನಲ್ಲಿ ಬಸ್ಸೂ ಇರುವುದಿಲ್ಲ, ಪ್ಯಾಸೆಂಜರೂ ಇರುವುದಿಲ್ಲ. ಜೋಳದ ಹೊಲಗಳ ನಡುವೆ ನಾನೊಬ್ಬನೇ ನೆಲದಿಂದ ಗೇಣು ಮೇಲೆ ತೇಲುತ್ತ ಹೋಗುತ್ತಿರುತ್ತೇನೆ. ಹೆಂಡತಿಗೆ ಇದನ್ನು ಹೇಳಿದರೆ, "ಎಚ್ಚರ ಇದ್ದಾಗೂ ನೀವು ಹಂಗ ಇರ್ತೀರಿ ಬಿಡ್ರಿ" ಎಂದು ನಗುತ್ತಾಳೆ.

ಅವಳು ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುತ್ತಾಳೆ. ಮನೆಯಲ್ಲಿ ಕನ್ನಡ ಆಡಿ, ಓಣಿಗೆ ಬಂದರೆ ಮರಾಠಿ ಆಡುವ ಮಕ್ಕಳು. ಅವುಗಳ ಬೆರಳು ಹಿಡಿದು ಅಕ್ಷರ ತಿದ್ದಿಸುವುದೇ ಅವಳ ಜೀವ. ಎರಡು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದಳು. ನನ್ನ ಬಸ್ಸಲ್ಲ, ಆದರೂ ಬಸ್ಸೇ. ಆಪರೇಷನ್ ಆಯಿತು, ಎಡಗಾಲು ಉಳಿಯಿತು, ಮೊಳಕಾಲು ಮಾತ್ರ ಮತ್ತೆ ಮಡಚಲಿಲ್ಲ. ಬಸ್ಸು ಹತ್ತುವುದು ಆಗದು. ಆಟೋದಲ್ಲಿ ಕಾಲು ಹೊರಗೇ ಉಳಿಯುತ್ತದೆ. ಬಾಡಿಗೆಯ ಸಣ್ಣ ಕಾರಿನಲ್ಲಿ ಕೂರಿಸಿ ನೋಡಿದೆವು. ನೋವಿಗೆ ಹಲ್ಲು ಕಚ್ಚಿ ಕುಳಿತಳು, ಶಾಲೆಗೆ ಮುಟ್ಟುವಷ್ಟರಲ್ಲಿ ಮುಖ ಬೆವತುಹೋಗಿತ್ತು. ನಮ್ಮ ಮನೆಯಿರುವುದು ಸೊಲ್ಲಾಪುರದಲ್ಲಿ; ಅಕ್ಕಲಕೋಟೆಗೇ ಮನೆ ಬದಲಿಸೋಣವೆಂದರೆ ಇಲ್ಲಿನ ಆಸ್ಪತ್ರೆಗೆ ವಾರಕ್ಕೆರಡು ಸಲ ಹೋಗಬೇಕು. ದೀಪಾವಳಿ ರಜೆ ಮುಗಿಯುವವರೆಗೆ ಶಾಲೆಯವರು ಕಾಯುತ್ತೇವೆಂದರು. ಆಮೇಲೆ ಒಂದೋ ಹಾಜರಾಗಬೇಕು, ಇಲ್ಲವೇ ಬಿಡಬೇಕು. ಶಾಲೆ ಬಿಟ್ಟರೆ ಇವಳು ಬತ್ತಿಹೋಗುತ್ತಾಳೆ ಎಂಬ ಭಯ ನನ್ನನ್ನು ಹಿಡಿದುಕೊಂಡಿತು.

ಆಗ ನೆನಪಾದದ್ದು ಮಾವನವರ ಕಾರು. ಕಂದಲಗಾಂವದ ತೋಟದ ಶೆಡ್ಡಿನಲ್ಲಿ, ಜೋಳದ ಒಣ ದಂಟು, ಕಣಕಿಯ ಸಿವುಡುಗಳ ಕೆಳಗೆ ಹದಿನೈದು ವರ್ಷದಿಂದ ಅದು ಮಲಗಿತ್ತು. ದುಂಡು ಮೂತಿ, ದುಂಡು ದೀಪ, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂದೆ ಒಂದೇ ಉದ್ದನೆಯ ಸೀಟು. ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಯಿಟ್ಟಿತ್ತು. ಅದನ್ನು ಎಬ್ಬಿಸಿ ಹೆಂಡತಿ ಕುಳಿತಳು, ಎಡಗಾಲನ್ನು ಮುಂದೆ ಚಾಚಿದಳು. ಸೀಟು ಇನ್ನೊಂದು ನಾಲ್ಕು ಬೆರಳು ಹಿಂದೆ ಸರಿದರೆ ಕಾಲು ಪೂರ್ತಿ ನೀಳವಾಗುತ್ತಿತ್ತು. ತಗಡಿನ ಸಂದಿಯಿಂದ ಬಿಸಿಲು ಬಿದ್ದು ಕಣಕಿಯ ಧೂಳೆಲ್ಲ ಹೊಂಬಣ್ಣವಾಗಿತ್ತು. ಅವಳು ಕಣ್ಣು ಮುಚ್ಚಿ, "ಇದರಾಗ ಕೂಡಬಹುದು ನೋಡ್ರಿ" ಎಂದಳು. ಅಷ್ಟು ಸಾಕಾಯಿತು ನನಗೆ.

ಸೊಲ್ಲಾಪುರದಲ್ಲಿ ಹಳೇ ಗಾಡಿಗಳಿಗೇ ಹೆಸರಾದ ಒಬ್ಬ ಮೇಸ್ತ್ರಿಯಿದ್ದಾನೆ. ನನಗಿಂತ ಹಿರಿಯ, ಮಾತು ಕಡಿಮೆ. ಎಳೆದು ತಂದ ಕಾರಿಗೆ ಒಂದು ಸುತ್ತು ಹಾಕಿ ನೋಡಿ ಕೇಳಿದ:

"ಲಗ್ನದಾಗ ಮೆರಸೂ ಗಾಡಿ ಬೇಕೋ, ದಿನಾ ಓಡಸೂದು ಬೇಕೋ?"

"ದಿನಾ. ಹೋಗಿ ಬರಾಕ ಎಂಬತ್ತು ಕಿಲೋಮೀಟರ್."

"ಹಂಗಾರ ಬಣ್ಣದ ಮಾತು ತಗೀಬ್ಯಾಡ್ರಿ. ಮದಲ ಇದು ನಿಲ್ಲಾಕ ಕಲೀಲಿ."

ಎರಡು ತಿಂಗಳು ನಾನು ಆ ಶೆಡ್ಡಿನಲ್ಲೇ ಕಾಲ ಕಳೆದೆ. ನನ್ನ ಬದುಕಿನ ಸುಖದ ದಿನಗಳಲ್ಲಿ ಅವೂ ಸೇರುತ್ತವೆ. ಪೆಟ್ರೋಲ್ ಟ್ಯಾಂಕು ಬಗ್ಗಿಸಿದರೆ ಚಹದ ಬಣ್ಣದ ತುಕ್ಕು ಸುರಿಯಿತು. ಬಟ್ಟೆ ಸುತ್ತಿದ ಹಳೇ ವಾಯರುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಎಲ್ಲ ಕಿತ್ತು, ಹೊಸ ವಾಯರಿಂಗ್ ಎಳೆದು, ಒಂದೊಂದು ದೀಪಕ್ಕೂ ಬೇರೆ ಫ್ಯೂಜು ಹಾಕಿದ. ಬ್ರೇಕಿನ ಸಿಲಿಂಡರು, ರಬ್ಬರು, ಪೈಪು ಒಂದನ್ನೂ ಹಳೆಯದು ಉಳಿಸಲಿಲ್ಲ. ರೇಡಿಯೇಟರ್ ಬಿಚ್ಚಿ ತೊಳೆದ, ಟಾಯರು ಬದಲಿಸಿದ, ಸೀಟ್ ಬೆಲ್ಟು ಕೂಡಿಸಲು ಬಾಗಿಲ ಪಕ್ಕದ ಕಂಬಕ್ಕೆ ದಪ್ಪ ತಗಡು ಬೆಸೆದ. ನಾನು ಸ್ಟೂಲಿನ ಮೇಲೆ ಕುಳಿತು, ಸೀಮೆಎಣ್ಣೆಯ ತಟ್ಟೆಯಲ್ಲಿ ಬಿಡಿಭಾಗಗಳು ಕಪ್ಪು ಬಿಟ್ಟು ಬೆಳ್ಳಗಾಗುವುದನ್ನು ನೋಡುತ್ತ ತೂಕಡಿಸುತ್ತಿದ್ದೆ. ಮಧ್ಯಾಹ್ನಗಳು ಎಲ್ಲಿಗೆ ಹೋದವೋ ತಿಳಿಯಲಿಲ್ಲ.

ಸೀಟಿನದೇ ತೊಡಕಾಯಿತು. ಅವಳ ಕಾಲಿಗಾಗಿ ಹಿಂದೆ ಸರಿಸಿದರೆ ಇಡೀ ಸೀಟು ಸರಿದು, ನನ್ನ ಕಾಲು ಬ್ರೇಕಿಗೆ ಮುಟ್ಟುತ್ತಿರಲಿಲ್ಲ. ಕೊನೆಗೆ ಮೇಸ್ತ್ರಿ ಸೀಟನ್ನು ನಡುವೆ ಕೊಯ್ದು ಎರಡು ಮಾಡಿದ. ನೋಡಲು ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಇಷ್ಟ ವರ್ಷ ಆದ್ಮ್ಯಾಲ ನಮ್ಮಿಬ್ರನ್ನ ಬ್ಯಾರಿ ಮಾಡಿದ್ರಿ ನೋಡ್ರಿ" ಎಂದಳು. ಒಮ್ಮೆಯೂ ನಗದ ಮೇಸ್ತ್ರಿ ಅವತ್ತು ನಕ್ಕ.

ಕಾರಿನ ಕೀಲಿ ಕೊಡುವಾಗ ಅವನು ಒಂದೇ ಮಾತು ಹೇಳಿದ. "ಡ್ರಾಯ್ವರಸಾಹೇಬ್ರ, ಇದು ನಿಮ್ಮ ಬಸ್ಸಲ್ಲ. ಇದರ ಬ್ರೇಕಿಗೆ ಗಾಳೀ ಜೋರ ಇಲ್ಲ, ನಿಮ್ಮ ಕಾಲಿನ ಜೋರ ಅಷ್ಟ. ಉತಾರದಾಗ ಇಂಜಿನ್ನಿಗೂ ಅರ್ಧಾ ಭಾರ ಹೊರಾಕ ಬಿಡ್ರಿ."

ನನಗೆ ಸಿಟ್ಟು ಬಂತು. ಮೂವತ್ತು ವರ್ಷ, ಒಂದು ಅಪಘಾತವಿಲ್ಲ. ಡೀಸೆಲ್ ಉಳಿಸಿದ್ದಕ್ಕೆ ಎರಡು ಸಲ ಶಾಲು ಹೊದಿಸಿಕೊಂಡವನಿಗೆ ಇವನು ಇಳಿಜಾರು ಕಲಿಸಲು ಬಂದ. ತಲೆಯಾಡಿಸಿ ಗಾಡಿ ಹೊರಡಿಸಿದೆ.

ಆ ಡೀಸೆಲ್ ಹೇಗೆ ಉಳಿಯುತ್ತಿತ್ತು ಎಂದು ನಾನು ಯಾರಿಗೂ ಹೇಳಿದವನಲ್ಲ. ಇಳಿಜಾರು ಬಂತೆಂದರೆ ಗೇರು ತೆಗೆದು ನ್ಯೂಟ್ರಲ್ ಮಾಡುವುದು, ಗಾಡಿಯನ್ನು ತನ್ನಷ್ಟಕ್ಕೆ ಹರಿಯಬಿಡುವುದು. ಮಾಡಬಾರದು ಎಂಬುದು ಗೊತ್ತಿತ್ತು. ಆದರೆ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಮಾಡಿದ್ದೇ ಗೊತ್ತಾಗುತ್ತಿರಲಿಲ್ಲ. ಕಾರಿನಲ್ಲಂತೂ ಅದು ಸ್ವರ್ಗ. ಬೆಳಗಿನ ಎಳೆಬಿಸಿಲು, ದಿಬ್ಬದ ತುದಿ, ಎರಡು ಬೆರಳಿನಿಂದ ಕಡ್ಡಿ ಸರಿಸಿದರೆ ಇಂಜಿನ್ನು ಪಿಸುಮಾತಿಗೆ ಇಳಿಯುತ್ತದೆ. ಜೋಳದ ಗರಿಗಳ ಸಪ್ಪಳ, ದೂರದ ಬಾವಿಯ ಪಂಪು, ಯಾರೋ ಎತ್ತನ್ನು ಗದರುವ ದನಿ, ಎಲ್ಲ ಕಿವಿಗೆ ಬರುತ್ತವೆ. ನನ್ನ ಕನಸಿನ ತೇಲುವಿಕೆ ಅದೇ. ಪಕ್ಕದಲ್ಲಿ ಹೆಂಡತಿ, ಅವಳ ಕಾಲು ನೀಳವಾಗಿ ಚಾಚಿದೆ. ಹನ್ನೆರಡು ದಿನ ಹೀಗೆ ಹೋಗಿ ಬಂದೆವು. ಇನ್ನೇನು ಬೇಕು ಅನ್ನಿಸುತ್ತಿತ್ತು.

ಹದಿಮೂರನೆಯ ದಿನ, ಗುರುವಾರ. ಅಕ್ಕಲಕೋಟೆಯ ಸ್ವಾಮಿಗಳ ಮಂದಿರಕ್ಕೆ ದರ್ಶನಕ್ಕೆಂದು ಹೊರಟವರ ಗಾಡಿಗಳು ರಸ್ತೆ ತುಂಬ. ಒಂದರ ಹಿಂದೊಂದು ಇಳಿಜಾರಿನಲ್ಲಿ ಬ್ರೇಕು ಒತ್ತುತ್ತ, ಬಿಡುತ್ತ ತೇಲಿದೆ. ಏನೋ ಸುಟ್ಟ ವಾಸನೆ ಬಂತು. ಹೊಲದಲ್ಲಿ ಕಬ್ಬಿನ ಒಣಗರಿ, ರವದಿ ಸುಡುತ್ತಿರಬೇಕು ಎಂದುಕೊಂಡೆ. ಕೊನೆಯ ಇಳಿಜಾರಿನ ಬುಡದಲ್ಲಿ, ಹಳ್ಳದ ಸೇತುವೆಯ ಹತ್ತಿರ, ಕಬ್ಬು ತುಂಬಿದ ಟ್ರ್ಯಾಕ್ಟರು ಅಡ್ಡ ತಿರುಗಿತು. ಬ್ರೇಕು ಒತ್ತಿದೆ. ಕಾಲಿಗೆ ಕಲ್ಲಿನಂತೆ ಗಟ್ಟಿ ಸಿಕ್ಕಿತು, ಕಾರು ಮಾತ್ರ ನಿಲ್ಲಲಿಲ್ಲ. ಗೇರು ಹಾಕಲು ಹೋದೆ, ಕರಕರ ಎಂದಿತೇ ಹೊರತು ಬೀಳಲಿಲ್ಲ. ಹ್ಯಾಂಡ್‌ಬ್ರೇಕು ಎಳೆದು, ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿದೆ. ನಿಂತಾಗ ಕಬ್ಬಿನ ತುದಿಗಳು ಅವಳ ಎದುರಿನ ಗಾಜಿಗೆ ತಾಗಿದ್ದವು.

ಯಾರಿಗೂ ಏನೂ ಆಗಲಿಲ್ಲ. ಅವಳು ಚೀರಲೂ ಇಲ್ಲ. ಚಾಚಿದ ಕಾಲಿನ ಮೇಲೆ ಕೈಯಿಟ್ಟು, "ಇನ್ನ ಸಾಕು. ಸೋಮವಾರ ರಾಜೀನಾಮಾ ಬರದು ಕೊಡ್ತೀನಿ" ಎಂದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿಯ ಶೆಡ್ಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಎಂಥ ಬ್ರೇಕು ಹಾಕಿದಿ, ನನ್ನ ಹೆಂಡತಿಯ ಜೀವ ತೆಗೆಯುತ್ತಿದ್ದೆಯಲ್ಲ ಎಂದೆ. ಅವನು ಕೈ ಒರೆಸಿಕೊಂಡು ಅವಳ ಸೀಟಿನಲ್ಲಿ ಬಂದು ಕುಳಿತ. "ನಡೀರಿ, ನಿನ್ನಿ ಹೋದಂಗ ಹೋಗ್ರಿ" ಎಂದ. ಊರು ದಾಟಿ, ಮೂರು ಇಳಿಜಾರು ಇಳಿದ ಮೇಲೆ ನಿಲ್ಲಿಸಲು ಹೇಳಿದ. ಬಾಟಲಿಯ ನೀರನ್ನು ಮುಂದಿನ ಗಾಲಿಗೆ ಚಿಮುಕಿಸಿದ. ಚುಂಯ್ ಎಂದು ಹಬೆ ಎದ್ದಿತು. "ಭಾರೆಲ್ಲಾ ಬ್ರೇಕಿನ ಮ್ಯಾಲ ಬಿದ್ದು ಕಾದಾವ. ಕಾದ ಬ್ರೇಕ ಹಿಡ್ಯಾಂಗಿಲ್ಲ" ಎಂದ.

"ಮೂರು ಉತಾರ ಬಂದ್ವು. ಮೂರೂ ಸಲ ಗೇರ ತಗದ್ರಿ. ಗೊತ್ತೈತೇನ್ರಿ ನಿಮಗ?"

ನನಗೆ ಗೊತ್ತಿರಲಿಲ್ಲ. ಅವನು ಪಕ್ಕದಲ್ಲೇ ಕುಳಿತಿದ್ದ, ನಾನು ಜಗಳದ ಹುಮ್ಮಸ್ಸಿನಲ್ಲಿದ್ದೆ, ಆದರೂ ಕೈ ತನ್ನ ಕೆಲಸ ಮಾಡಿತ್ತು.

"ಗಾಡ್ಯಾಗಿಂದು ಎಲ್ಲಾ ಬದ್ಲಿ ಮಾಡೀನ್ರಿ" ಎಂದ ಅವನು ಮೆಲ್ಲಗೆ. "ಒಂದ ಹಳೇದು ಉಳದೈತಿ. ಅದು ನನ್ನ ಕೈಯಾಗಿಂದಲ್ಲ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವನ ಕೈ ಹಿಡಿದು ತಪ್ಪಾಯಿತು ಎಂದೆ. ಮನೆಗೆ ಬಂದು ಹೆಂಡತಿಗೂ ಹೇಳಿದೆ, ಶಾಲಿನ ಗುಟ್ಟನ್ನೂ ಬಿಡದೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಗಾಡಿದು ದೋಷ ಅಲ್ಲಂತ ನನಗ ಗೊತ್ತಿತ್ತು. ಆ ಗುಂಗಿನಾಗಿದ್ದಾಗ ನೀವು ನನ್ನ ಬಾಜೂಕ ಇರೂದಿಲ್ರಿ. ಅದಕ್ಕ ಹೆದರಿಕಿ" ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಶನಿವಾರ, ಭಾನುವಾರ ಒಬ್ಬನೇ ಆ ರಸ್ತೆಯಲ್ಲಿ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ದಿಬ್ಬದ ತುದಿಯಲ್ಲಿ ಕೈ ಕಡ್ಡಿಯ ಕಡೆ ಹೋಗುತ್ತಿತ್ತು. ಹೋದಾಗಲೆಲ್ಲ "ಮೂರನೇ ಗೇರಿನಾಗ ಇರಲಿ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಮೇಯುವ ಆಡುಗಳು ತಿರುಗಿ ನೋಡುತ್ತಿದ್ದವು. ಭಾನುವಾರ ಸಂಜೆಯ ಹೊತ್ತಿಗೆ ಕೈ ಸ್ಟಿಯರಿಂಗ್ ಬಿಟ್ಟು ಕದಲಲಿಲ್ಲ. ಮೂವತ್ತು ವರ್ಷ ಜೊತೆಗಿದ್ದದ್ದನ್ನು ಕಳೆದುಕೊಂಡಂತೆ ಸಂಕಟವೂ ಆಯಿತು.

ಸೋಮವಾರ ಅವಳು ಬರೆದ ಕಾಗದವನ್ನು ಪರ್ಸಿನಲ್ಲಿಟ್ಟುಕೊಂಡು ಹೊರಟಳು. ಕೊಡಲು ಶಾಲೆಗೆ ಹೋಗಲೇಬೇಕಿತ್ತು. ಪ್ರತಿ ಇಳಿಜಾರಿನಲ್ಲೂ ಇಂಜಿನ್ನು ಗುಂಯ್ ಎಂದು ದನಿ ಎತ್ತಿ ಕಾರನ್ನು ಹಿಡಿದುಕೊಂಡಿತು. ಹೊಲದ ಸಪ್ಪಳ ಒಂದೂ ಕೇಳಿಸಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಹಳ್ಳದ ಸೇತುವೆಯನ್ನು ನಡೆಯುವವನ ವೇಗದಲ್ಲಿ ದಾಟಿದೆವು.

ಶಾಲೆಯ ಗೇಟಿನಲ್ಲಿ ಕಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟು, ಕೋಲು ಊರಿ ಇಳಿದಳು. ಬಾಗಿಲು ಹಾಕಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಸಂಜಿಗೆ ಐದಕ್ಕ ಬರ್ರಿ" ಎಂದಳು. "ನಾಳಿಗೂ ಪೆಟ್ರೋಲ್ ಹಾಕ್ಸಿಟ್ಟಿರ್ರಿ."

ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಐದಕ್ಕೆ ಬರಬೇಕೆಂದರೆ ಮೊದಲು ಅಲ್ಲಿಂದ ಹೋಗಬೇಕಲ್ಲ. ನಾನು ಹೋಗಲೇ ಇಲ್ಲ, ಐದರವರೆಗೂ ಆ ಗೇಟಿನಲ್ಲೇ ಕಾದೆ.