ಏಕಾದಶಿಯ ವ್ಯಾನಿಗೆ ಹೊಸ ಸದಸ್ಯರು

ನಿವೃತ್ತಿಗೆ ಮುನ್ನ ನಾನು ಓದಿದ್ದೂ ಬರೆದದ್ದೂ ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ. ಯುರೋಪಿನ ದೇಶಗಳ ಒಕ್ಕೂಟಕ್ಕೆ ಹೊಸ ದೇಶಗಳು ಸೇರಿದಾಗ, ಹಳೆಯ ಸದಸ್ಯರು ಒಪ್ಪಿಕೊಂಡಿದ್ದ ಸಾರಿಗೆ ನೀತಿ ಏನಾಗುತ್ತದೆ? ರಸ್ತೆಯ ಹೊರೆಯನ್ನು ರೈಲಿಗೆ ವರ್ಗಾಯಿಸಬೇಕು, ಗಾಳಿಯನ್ನು ಕೆಡಿಸಬಾರದು ಎಂಬುದು ಆ ನೀತಿಯ ತಿರುಳು. ೨೦೦೪ರ ಮೇ ಒಂದರಂದು ಹತ್ತು ದೇಶಗಳು ಒಟ್ಟಿಗೆ ಸೇರಿದವು; ಈ ದಿನಾಂಕವನ್ನು ಈಗಲೂ ಎರಡು ಕಡೆ ತಾಳೆ ನೋಡಿಯೇ ಬರೆಯುತ್ತಿದ್ದೇನೆ. ಅವುಗಳಲ್ಲಿ ಹಲವು ತಮ್ಮ ಸರಕಿನ ದೊಡ್ಡ ಪಾಲನ್ನು ಮೊದಲಿನಿಂದಲೂ ರೈಲಿನಲ್ಲೇ ಸಾಗಿಸುತ್ತಿದ್ದವು. ಸೇರಿದ ಮೇಲೆ ಹೆದ್ದಾರಿಗಳು ಬಂದವು, ಲಾರಿಗಳು ಹೆಚ್ಚಿದವು. ಹಳಬರು ಕಾಗದದ ಮೇಲೆ ಬಯಸಿದ್ದು ಹೊಸಬರ ಬಳಿ ಇತ್ತು. ಅದನ್ನು ಉಳಿಸಿಕೊಳ್ಳುವ ದಾರಿಯನ್ನು ಯಾರೂ ಅವರನ್ನು ಕೇಳಲಿಲ್ಲ.

ಷಿಕಾಗೋ ಬಳಿಯ ವೆಸ್ಟ್‌ಮಂಟಿನಲ್ಲಿ ನಮ್ಮದೂ ಒಂದು ಒಕ್ಕೂಟವಿತ್ತು. ನಾಲ್ಕು ಮನೆ, ಒಂದು ವ್ಯಾನು. ಏಕಾದಶಿಯ ಸಂಜೆ ಎಲ್ಲರೂ ಅದರಲ್ಲೇ ಲೆಮಾಂಟಿನ ದೇವಸ್ಥಾನಕ್ಕೆ ಹೋಗುವುದು. ಸೀಟು ಖಾಲಿಯಿದ್ದರೆ ಯಾರೂ ಬೇರೆ ಕಾರು ತೆಗೆಯಬಾರದು. ನಿಯಮ ನಾನೇ ಬರೆದದ್ದು. ಷಿಕಾಗೋದ ಸೂರ್ಯೋದಯಕ್ಕೆ ತಿಥಿ ಗಣಿಸಿ ದಿನ ಗೊತ್ತು ಮಾಡುವ ಕೆಲಸವೂ ನನ್ನದೇ. ಇಲ್ಲಿನ ಏಕಾದಶಿ ಎಷ್ಟೋ ಸಲ ಊರಿನದಕ್ಕಿಂತ ಒಂದು ದಿನ ಮೊದಲೇ ಬರುತ್ತದೆ.

ಈ ವ್ಯಾನು ನಮಗೆಲ್ಲ ಒಂದು ಶಿಸ್ತು. ಧಾರವಾಡದ ಕಡೆಯ ನಿವೃತ್ತ ವೈದ್ಯೆಯೊಬ್ಬರಿಗೆ ಮಾತ್ರ ಅದೇ ಆಧಾರ. ಕಣ್ಣು ಮಂಜಾದ ಮೇಲೆ ಅವರು ಕಾರು ಓಡಿಸುವುದನ್ನು ಬಿಟ್ಟಿದ್ದರು. ಅಮ್ಮನ ಓಡಾಟ ನಿಂತರೆ ಮನೆ ಮಾರಿಸಿ ಡೆಟ್ರಾಯಿಟ್ ಬಳಿಯ ತನ್ನ ಮನೆಗೆ ಕರೆದೊಯ್ಯುತ್ತೇನೆಂದು ಮಗಳು ಹೇಳಿಯಾಗಿತ್ತು. ಅವರಿಗೆ ತಮ್ಮ ಮನೆ ಬಿಡುವುದು ಬೇಡವಾಗಿತ್ತು.

ಕಳೆದ ವರ್ಷ, ನಮಗಿಂತ ಪಶ್ಚಿಮಕ್ಕಿರುವ ಅರೋರಾದ ಯುವ ದಂಪತಿ ಸೇರಲು ಬಂದರು. ದೇವಸ್ಥಾನದ ಊಟದ ಹಾಲಿನಲ್ಲಿ ವ್ಯಾನಿನ ಯಜಮಾನರು ಕೆಣಕಿದರು.

"ನಿಮ್ಮೂರಲ್ಲೇ ಬಾಲಾಜಿ ಇದಾನಲ್ಲಮ್ಮ. ಅವನ ಹತ್ರ ಜಗಳ ಆಡ್ಕೊಂಡ್ರಾ?"

"ಬಾಲಾಜಿ ಜೊತೆ ಜಗಳ ಇಲ್ಲ ಅಂಕಲ್. ಅಲ್ಲಿ ಕನ್ನಡದಲ್ಲಿ ನಮ್ಮನ್ನ ಬೈಯೋರು ಯಾರೂ ಇಲ್ಲ," ಎಂದಳು ಆಕೆ. "ಆದ್ರೆ ಡೇಟ್ ಮಾತ್ರ ಇಂಡಿಯಾದ್ದೇ. ಮೈಸೂರಲ್ಲಿ ನಮ್ಮತ್ತೆ ಉಪವಾಸ ಮಾಡೋ ದಿನಾನೇ ನಾನೂ ಮಾಡೋದು. ವಿಡಿಯೋ ಕಾಲಲ್ಲಿ ಚೆಕ್ ಮಾಡ್ತಾರೆ."

ಹೊಸ ದೇಶಗಳಿಗೆ ಒಕ್ಕೂಟ ಕೊಟ್ಟಿದ್ದ ಹೊಂದಾಣಿಕೆಯ ಅವಧಿ ನನಗೆ ನೆನಪಾಯಿತು. ಕೆಲವು ತಿಂಗಳು ಅವರು ತಮ್ಮ ದಿನವೇ ಬರಲಿ ಎಂದೆ. ಎಲ್ಲರೂ ಒಪ್ಪಿದರು. ಆದರೆ ವಿನಾಯಿತಿಗೆ ಹಳಬರೇ ಮೊದಲು ಒಗ್ಗಿಕೊಂಡರು. ಡಾಕ್ಟರ ಅಪಾಯಿಂಟ್‌ಮೆಂಟ್ ಇದ್ದವರಿಗೆ ಊರಿನ ದಿನ ಅನುಕೂಲವಾಯಿತು, ಮರುದಿನ ಮಳೆಯೆಂದಿದ್ದರೆ ಇಲ್ಲಿನ ದಿನ. ವ್ಯಾನಿನ ಬದಲು ಕಾರುಗಳು ಬಿಡಿಬಿಡಿಯಾಗಿ ಹೊರಡತೊಡಗಿದವು.

ಶರತ್ಕಾಲದ ಒಂದು ಏಕಾದಶಿ ಇಲ್ಲಿ ಮಂಗಳವಾರ ಬಂತು, ಊರಿನಲ್ಲಿ ಬುಧವಾರ. ವೈದ್ಯೆ ನಾಳೆ ಅರೋರಾದವರೊಂದಿಗೆ ಹೋಗುತ್ತಾರೆಂದು ಮಂಗಳವಾರ ಹೋದ ನಾವು ತಿಳಿದೆವು. ನಿನ್ನೆಯೇ ನಮ್ಮೊಂದಿಗೆ ಹೋಗಿಬಂದಿದ್ದಾರೆಂದು ಬುಧವಾರದವರು ತಿಳಿದರು. ಗುರುವಾರ ಪ್ರಸಾದ ಕೊಡಲು ನಾನು ವೈದ್ಯೆಯ ಮನೆಗೆ ಹೋದಾಗ ಬಾಗಿಲ ಬಳಿಯ ಬೆಂಚಿನ ಮೇಲೆ ಅವರ ಹಣ್ಣಿನ ಬುಟ್ಟಿ ಹಾಗೆಯೇ ಇತ್ತು. ಹೂವು ಬಾಡಿತ್ತು.

"ಎರಡೂ ದಿನ ಸೀರಿ ಉಟ್ಟು ಕೂತಿದ್ದೆ ನೋಡ್ರಿ," ಎಂದರು. ದೂರಿನ ದನಿಯಿರಲಿಲ್ಲ.

ಅಷ್ಟರಲ್ಲಿ ಮಗಳ ಫೋನ್ ಬಂತು. "ಅಮ್ಮಾ, ಡಿಡ್ ಯು ಗೋ?"

"ಹೋಗಿದ್ದೆವ್ವಾ. ಭಾಳ ಛಲೋ ಆತು," ಎಂದರು ಅವರು, ನನ್ನತ್ತ ನೋಡದೆ. ನಾನೂ ಬುಟ್ಟಿಯನ್ನೇ ನೋಡುತ್ತ ಕುಳಿತೆ.

ನಡೆದದ್ದನ್ನು ಅರೋರಾದ ಹುಡುಗಿಗೆ ಫೋನಿನಲ್ಲಿ ತಿಳಿಸಿದೆ.

"ಅಂಕಲ್, ಉಪವಾಸ ಅತ್ತೆ ದಿನ ಮಾಡ್ತೀನಿ. ದೇವಸ್ಥಾನಕ್ಕೆ ಇಲ್ಲಿನ ದಿನ, ಆಂಟಿ ಜೊತೆ ಬರ್ತೀನಿ. ಎರಡೂ ಒಂದೇ ದಿನ ಯಾಕಾಗ್ಬೇಕು?"

ಇಷ್ಟು ವರ್ಷದಲ್ಲಿ ಇದು ನನಗೆ ಹೊಳೆದಿರಲಿಲ್ಲ. ಉಪವಾಸ ಅವರವರದು, ಎಲ್ಲರದೂ ಆಗಬೇಕಾದದ್ದು ಪ್ರಯಾಣವೊಂದೇ.

"ಆದರೆ ವ್ಯಾನು ಅರೋರಾಕ್ಕೆ ಬಂದು ನಿಮ್ಮನ್ನು ಕರೆತರಬೇಕಲ್ಲ," ಎಂದೆ.

"ಯಾಕೆ? ನಾವು ದಿನಾ ಆಫೀಸಿಗೆ ಹೋಗೋ ಟ್ರೈನು ವೆಸ್ಟ್‌ಮಂಟಲ್ಲೇ ನಿಲ್ಲತ್ತೆ. ಅದ್ರಲ್ಲೇ ಬರ್ತೀವಿ. ವ್ಯಾನಲ್ಲಿ ಜಾಗ ಸಾಲ್ದಿದ್ರೆ ಆಂಟಿ ಕಾರು ಗ್ಯಾರೇಜಲ್ಲಿ ಸುಮ್ನೆ ನಿಂತಿದೆಯಲ್ಲ, ನಾನೇ ಡ್ರೈವ್ ಮಾಡ್ತೀನಿ."

ನಾವು ಆ ರೈಲನ್ನು ಹತ್ತಿ ಎಷ್ಟು ಕಾಲವಾಗಿತ್ತೋ.

ಮುಂದಿನ ಏಕಾದಶಿಯ ಸಂಜೆ ಗಂಡಹೆಂಡಿರಿಬ್ಬರೂ ಕೋಟಿನ ಕಾಲರ್ ಎತ್ತಿಕೊಂಡು ಸ್ಟೇಷನ್ನಿನಿಂದ ನಡೆದೇ ಬಂದರು. ವ್ಯಾನು ತುಂಬಿತ್ತು; ವೈದ್ಯೆಯ ಕಾರನ್ನು ಹುಡುಗಿ ಓಡಿಸಿದಳು, ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಲೆಮಾಂಟಿನ ಎಕ್ಸಿಟ್ ಸಮೀಪಿಸುವಾಗ ಮತ್ತೆ ಡೆಟ್ರಾಯಿಟಿನಿಂದ ಕರೆ, ಮತ್ತೆ ಅದೇ ಪ್ರಶ್ನೆ.

"ಹೊಂಟೀನವ್ವಾ," ಎಂದರು ವೈದ್ಯೆ. "ಈಗ ಕಾರಿನಾಗ ಅದೀನಿ. ತಗೋ, ಇವರ ಜೋಡಿ ಮಾತಾಡು." ಫೋನನ್ನು ಅವರೇ ಸ್ಪೀಕರಿಗೆ ಹಾಕಿ ನಮ್ಮೆಲ್ಲರ ನಡುವೆ ಹಿಡಿದರು.