ಮುಸ್ಸಂಜೆಯ ಹಾಜರಿ

ಕ್ವೀನ್ಸ್‌ಬರಿಯ ನಮ್ಮ ಎದುರು ಫ್ಲ್ಯಾಟಿನಲ್ಲಿ ಮಧ್ಯಯುಗದ ಇತಿಹಾಸ ಕಲಿಸಿ ನಿವೃತ್ತರಾದ ಬ್ರಿಟಿಷ್ ಅಜ್ಜಿಯೊಬ್ಬರಿದ್ದರು. ಅವರ ಕಣ್ಣು ಮಂಜಾಗಿದ್ದರಿಂದ, ಶತಮಾನಗಳ ಹಿಂದೆ ಪ್ಲೇಗಿಗೆ ಸತ್ತ ಒಂದು ಹಳ್ಳಿಯವರ ಹೆಸರುಗಳನ್ನು ಕಡತದಿಂದ ನಾನು ಓದಿ ಹೇಳುತ್ತಿದ್ದೆ. "ಒಬ್ಬರನ್ನೂ ಬಿಡಬೇಡ," ಎನ್ನುತ್ತಿದ್ದರು ಪ್ರತಿಸಲವೂ.

ಒಂದು ಸಂಜೆ ಕತ್ತಲಾಗುತ್ತಿದ್ದಂತೆ ನಾನು ನಿಲ್ಲಿಸಿದೆ. "ಮೇಡಂ, ನಮ್ಮ ಕುಂದಾಪುರದ ಕಡೆ ಮುಸ್ಸಂಜೆಲಿ ಸತ್ತವರನ್ನ ಹೆಸರು ಹಿಡಿದು ಕರೆಯೋದಿಲ್ಲ. ಬಂದುಬಿಡ್ತಾರೆ ಅಂತಾರೆ."

ಅವರ ಮುಖ ಅರಳಿತು. ಎದ್ದು ಹೋಗಿ ಬಾಗಿಲು ತೆರೆದಿಟ್ಟು, "ಹಾಗಾದ್ರೆ ಈಗಲೇ ಓದು," ಎಂದರು. ಒಂದೊಂದು ಹೆಸರಿಗೂ ಕಾರಿಡಾರಿನತ್ತ ಕಿವಿಗೊಟ್ಟು, ಬಂದವರಿಗೆ ಜಾಗ ಬಿಡುವಂತೆ ತಲೆಯಾಡಿಸುತ್ತಿದ್ದರು. ಕುಂಟ, ಕುರಿ ಕಾಯುವವನು ಎಂದು ಕಡತದಲ್ಲಿ ಬರೆದಿದ್ದ ಒಬ್ಬನ ಹೆಸರಿಗೆ ಮಾತ್ರ ಅವರ ತಲೆ ಅಲ್ಲಾಡಲಿಲ್ಲ.

"ಇವನು ಬರಲಿಲ್ಲ. ಇವನು ಆಗ ಸತ್ತಿಲ್ಲ."

ನಾನು ನಕ್ಕುಬಿಟ್ಟೆ. ತಿಂಗಳ ಮೇಲೆ ಅವರು ಪಕ್ಕದೂರಿನ ಕಡತದ ನಕಲು ತರಿಸಿ ನನ್ನಿಂದಲೇ ಓದಿಸಿದರು. ಪ್ಲೇಗು ಮುಗಿದ ಎಷ್ಟೋ ವರ್ಷಗಳ ನಂತರ ಅದೇ ಕುಂಟ ಅಲ್ಲಿ ಮದುವೆಗೆ ಊರ ಒಡೆಯನ ಅನುಮತಿ ಕೇಳಿದ್ದ.

ಕಳೆದ ಚಳಿಗಾಲದಲ್ಲಿ ಆಂಬುಲೆನ್ಸ್ ಅವರನ್ನು ಕರೆದೊಯ್ದಿತು. ಎಲ್ಲಿಗೆ, ಏನಾಯಿತು ಎಂಬುದನ್ನು ನೆಂಟರಲ್ಲದವರಿಗೆ ಹೇಳುವುದಿಲ್ಲವಂತೆ. ಇದ್ದಾರೋ ಇಲ್ಲವೋ ತಿಳಿಯುವ ದಾರಿಯೊಂದು ನನಗೆ ಗೊತ್ತಿದೆ. ಮುಸ್ಸಂಜೆ ಬಾಗಿಲು ತೆರೆದು ನಿಲ್ಲುತ್ತೇನೆ. ಅವರ ಹೆಸರು ನಾಲಿಗೆಯ ತುದಿಯವರೆಗೂ ಬರುತ್ತದೆ.

ಬೇಗನೆ ಬಾಗಿಲು ಹಾಕಿಕೊಳ್ಳುತ್ತೇನೆ.