ಬರೆಯದೆ ಬಿಟ್ಟ ಒಂದು ಸಾಲು

ಸಂಜೆ ಕಂಪ್ಯೂಟರ್ ಆರಿಸುವ ಮೊದಲು ಒಂದು ಕೆಲಸವನ್ನು ತಮ್ಮ ಎಂದೂ ತಪ್ಪಿಸುತ್ತಿರಲಿಲ್ಲ. ಧ್ವನಿಮುದ್ರಣದ ಪ್ರೋಗ್ರಾಮಿಗೆ ನಿಲ್ಲುವಂತೆ ಕೈಯಾರೆ ಟೈಪ್ ಮಾಡಿ, ಅದು ನಿಂತಿತೆಂದು ಪರದೆಯ ಮೇಲೆ ಕಂಡ ನಂತರವೇ ಉಳಿದದ್ದಕ್ಕೆ ಕೈ ಹಾಕುತ್ತಿದ್ದ.

ಅಂಧರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ನಮ್ಮ ಗ್ರಂಥಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನು. ತಲೆ ಪೂರ್ತಿ ನರೆತಿದ್ದರೂ ಎಲ್ಲರಿಗೂ ತಮ್ಮನೇ. ಅಲ್ಲೇ ಧ್ವನಿಮುದ್ರಣಕ್ಕೆ ಓದಲು ಬರುತ್ತಿದ್ದ ಅವನ ಅಕ್ಕ ಹಾಗೆ ಕರೆದು ಕರೆದು ನಮ್ಮ ಬಾಯಿಗೂ ಅದೇ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ತಮ್ಮನ ಮನೆ ಸೇರಿದ್ದರು. ಅವನಿಗೆ ಮದುವೆಯಾಗಿರಲಿಲ್ಲ.

ಸಂಜೆ ಅಕ್ಕ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿರುತ್ತಿದ್ದರು.

"ಆಯ್ತೇನೋ ನಿನ್ನ ಮಕ್ಕಳನ್ನ ಮಲಗಿಸೋದು?"

"ಒಂದು ಬಾಕಿ ಇದೆ ಅಕ್ಕ. ನಿನ್ನ ಹಾಗೇ, ಮಾತು ಮುಗಿಯೋವರೆಗೂ ಏಳಲ್ಲ."

"ಹಾಗಾದ್ರೆ ಇವತ್ತು ಅಡುಗೇನೂ ಅದರ ಕೈಲೇ ಮಾಡಿಸ್ಕೋ."

ಒಂದು ಮಧ್ಯಾಹ್ನ ಅಕ್ಕ ದೊಡ್ಡ ಕಾದಂಬರಿಯೊಂದರ ಕೊನೆಯ ಅಧ್ಯಾಯ ಓದಿ ಮುಗಿಸಿ ಧ್ವನಿಮುದ್ರಣದ ಕೋಣೆಯಿಂದ ಹೊರಗೆ ಬಂದವರು ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದರು. ತಮ್ಮ ಎಲ್ಲವನ್ನೂ ಇದ್ದ ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದ. ಸಂಜೆ ನಮ್ಮ ಗ್ರಂಥಾಲಯದ ಗುಮಾಸ್ತ ಕಂಪ್ಯೂಟರ್ ಆರಿಸಿದ. ಬೆಳಗಾಗುವಷ್ಟರಲ್ಲಿ ದೇವರು ಅಕ್ಕನನ್ನು ಕರೆದುಕೊಂಡಿದ್ದ.

ಕೆಲಸಕ್ಕೆ ಮರಳಿದ ದಿನ ತಮ್ಮ ಮೊದಲು ಹುಡುಕಿದ್ದು ಆ ಅಧ್ಯಾಯವನ್ನು. ಫೈಲಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ.

"ಪ್ಲಗ್ ಕಿತ್ತು ಹಾಕಿದ್ಯಾ?" ಎಂದು ಗುಮಾಸ್ತನನ್ನು ಕೇಳಿದ.

"ಇಲ್ಲಣ್ಣ. ಶಟ್‌ಡೌನ್ ಕೊಟ್ಟು, ಪೂರ್ತಿ ಆರೋವರೆಗೂ ಕಾದಿದ್ದೆ."

"ಸುಳ್ಳು ಬೊಗಳಬೇಡ."

ಅದು ಎಲ್ಲರ ಕಿವಿಗೂ ಬಿತ್ತು. ಅಂದಿನಿಂದ ಗುಮಾಸ್ತನ ಜೊತೆ ಕೂತು ಊಟ ಮಾಡುವವರಿರಲಿಲ್ಲ. ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕುವ ಮಾತೂ ನಡೆಯಿತು. ಯಾರನ್ನೂ ದೂರದೆ ದುಃಖ ಹೊರುವ ಶಕ್ತಿಯನ್ನು ದೇವರು ಎಲ್ಲರಿಗೂ ಕೊಟ್ಟಿರುವುದಿಲ್ಲ.

ಆದರೂ ಮನಸ್ಸು ತಡೆಯದೆ, ಧ್ವನಿಮುದ್ರಣದ ಪ್ರೋಗ್ರಾಮನ್ನು ಶುರುಮಾಡಿ ನಿಲ್ಲಿಸಲು ತಾನು ಹಿಂದೆಂದೋ ಬರೆದ ಸ್ಕ್ರಿಪ್ಟನ್ನು ತಮ್ಮ ತೆರೆದು ನೋಡಿದ. ಆ ಕಂಪ್ಯೂಟರನ್ನು ನಡೆಸುತ್ತಿದ್ದ ಹಳೆಯ ಲಿನಕ್ಸ್ ವ್ಯವಸ್ಥೆಯಲ್ಲಿ, ತೆರೆಮರೆಯಲ್ಲಿ ದುಡಿಯುವ ಪ್ರತಿಯೊಂದು ಪ್ರೋಗ್ರಾಮೂ ಶುರುವಾಗುವಾಗ, ತಾನು ನಡೆಯುತ್ತಿದ್ದೇನೆಂದು ತಿಳಿಸುವ ಖಾಲಿ ಫೈಲೊಂದನ್ನು ಗುರುತಿಗೆ ಇಡಬೇಕು. ಆರಿಸುವಾಗ ಯಂತ್ರ ಗುರುತಿದ್ದವನ್ನು ಮಾತ್ರ ಒಂದೊಂದಾಗಿ ಕರೆದು, ಕೈಯಲ್ಲಿರುವುದನ್ನು ಮುಗಿಸಿ ನಿಲ್ಲಲು ಬಿಡುತ್ತದೆ. ಗುರುತಿಲ್ಲದ್ದು ನಡೆಯುತ್ತಲೇ ಇಲ್ಲವೆಂದು ಅದರ ಲೆಕ್ಕ. ಕೊನೆಯಲ್ಲಿ ಇನ್ನೂ ಉಳಿದವಕ್ಕೆ ನಿಲ್ಲುವಂತೆ ಒಟ್ಟಿಗೆ ಒಮ್ಮೆ ಹೇಳಿ, ಕೆಲವೇ ಕ್ಷಣ ಕಾದು, ಕೊಂದು ಹಾಕುತ್ತದೆ. ಗುರುತಿಡುವ ಆ ಸಾಲನ್ನು ತಮ್ಮ ಬರೆದೇ ಇರಲಿಲ್ಲ. ದಿನವೂ ಕೈಯಾರೆ ನಿಲ್ಲಿಸುತ್ತಿದ್ದುದರಿಂದ ಅದು ಬಯಲಾಗಿರಲಿಲ್ಲ. ನಿಲ್ಲಿಸುವವರೆಗೂ ಪ್ರೋಗ್ರಾಮ್ ತನ್ನೊಳಗೇ ಇಟ್ಟುಕೊಂಡಿರುತ್ತಿದ್ದ ಅಷ್ಟುದ್ದದ ಓದನ್ನು ಡಿಸ್ಕಿಗೆ ಇಳಿಸಲು ಆ ಕ್ಷಣಗಳು ಸಾಲದೆ ಹೋಗಿದ್ದವು.

ಸಾಲು ಸೇರಿಸಿ, ಎದ್ದು ಹೋಗಿ ಗುಮಾಸ್ತನ ಮುಂದೆ ನಿಂತ. ನಾವೆಲ್ಲ ಅಲ್ಲೇ ಇದ್ದೆವು.

"ತಪ್ಪು ನಂದು ಕಣೋ. ನೀನು ಸರಿಯಾಗೇ ಆರಿಸಿದ್ದೀಯ."

ಗುಮಾಸ್ತ, "ಅವತ್ತು ಗೋಡೆ ಆಚೆಯಿಂದ ಅಕ್ಕ ಓದೋದು ನಂಗೆ ಕೇಳಿಸ್ತಿತ್ತಣ್ಣ. ಕೊನೇಲಿ ಕೆಮ್ಮು ಬಂತು. ನೀರು ಕುಡಿದು, ಆ ಸಾಲನ್ನ ಮತ್ತೆ ಮೊದಲಿಂದ ಓದಿದ್ರು," ಎಂದ.

ಅಕ್ಕ ಹೋದ ಮೇಲೆ ತಮ್ಮ ಅತ್ತದ್ದನ್ನು ನಾವು ನೋಡಿದ್ದು ಆಗಲೇ.

ಕಾದಂಬರಿಯ ಕೊನೆ ಎಲ್ಲಿ ಎಂದು ಕೇಳುಗರು ಫೋನ್ ಮಾಡುತ್ತಲೇ ಇದ್ದರು. ಗ್ರಂಥಾಲಯದ ಮೇಲ್ವಿಚಾರಕಿ ತಮ್ಮನನ್ನು ಕೋಣೆಗೆ ಕರೆದರು.

"ಕರೆಂಟ್ ಹೋಗಿ ಅಳಿಸಿಹೋಯ್ತು ಅಂತ ಹೇಳಿಬಿಡ್ತೀನಿ. ನಿಮ್ಮ ಮೇಲೂ ಬರಲ್ಲ, ಅವನ ಮೇಲೂ ಬರಲ್ಲ. ಅಕ್ಕನ್ನ ಕಳ್ಕೊಂಡಿದ್ದೀರ, ನನ್ನ ಕೈಲಿ ಇಷ್ಟಾದ್ರೂ ಆಗ್ಲಿ."

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು.

"ಬೇಡ ಮೇಡಂ. ಅವತ್ತು ಕರೆಂಟ್ ಇತ್ತು," ಎಂದ ತಮ್ಮ. "ಫೋನ್ ಈ ಕಡೆ ಕೊಡಿ."